ಗದ್ದೆಗೆ ಕಳೆ ಬಂತು

ಬರ್ಕಾ. ನವೆಂಬರ್ 3, 2016. ಬೆಳಿಗ್ಗೆ

ಮೊಳಕೆಯ ಎಲೆ ಎಡಕ್ಕೆ ತಿರುಚಿಕೊಂಡಿದೆ. ಗೋಧಿಯದಾದರೆ ಬಲಕ್ಕೆ. ಬಗ್ಗಿ ಬಗ್ಗಿ ನೋಡಿದೆ — ಎಲ್ಲವೂ ಎಡವೇ. ಅಂದರೆ ಕಾಡು ಓಟ್ಸ್, ಗೋಧಿಯನ್ನೇ ಹೋಲುವ ಕಳೆ.

ಅಪ್ಪನಿಗೆ ಬೇಕಿದ್ದದ್ದೂ ಇದೇ. ಬಿತ್ತುವ ಮೊದಲೇ ಖಾಲಿ ಗದ್ದೆಗೆ ನೀರು ಬಿಟ್ಟು, ಕಳೆ ಮೊಳೆತ ಮೇಲೆ ಮಣ್ಣನ್ನು ತೆಳ್ಳಗೆ ಕೆರೆದು ಕೊಲ್ಲುವ ಯೋಚನೆ. ಹೋದ ವರ್ಷ ಆಳಕ್ಕೆ ಉತ್ತು, ಹೂತಿದ್ದ ಹಳೇ ಬೀಜವೆಲ್ಲ ಮೇಲೆ ಬಂದು, ಗೋಧಿಗಿಂತ ಹುಲ್ಲೇ ಜಾಸ್ತಿ. ಈ ಅರಬ್ ನಾಡಿನಲ್ಲಿ ಕಚ್ಚಾ ಎಣ್ಣೆಯ ಬೆಲೆ ಬಿದ್ದಾಗಿನಿಂದ ತೋಟದ ಯಜಮಾನ, ನಮ್ಮ 'ಅರ್ಬಾಬ್' ಅಲಿಯವರ ಕೈಯೂ ಬಿಗಿ. ಈ ಸಲವೂ ಹಾಗಾದರೆ ಖಲಾಸ್ — ಅಪ್ಪನ ವೀಸಾ ಕ್ಯಾನ್ಸಲ್, ನಾವೆಲ್ಲ ಊರಿಗೆ.

ಪೇಟೆಯಲ್ಲಿ, ದಾರ್ಸೈಟಿನ ಫ್ಲಾಟಿನಲ್ಲಿರುವ ಅಮ್ಮನಿಗೆ ಅಪ್ಪ ಮೆಸೇಜ್ ಹಾಕಿದರು: "ಗದ್ದೆಗೆ ಕಳೆ ಬಂತು."

ಕೂಡಲೇ ಅಮ್ಮನ ವಾಯ್ಸ್: "ಅಬ್ಬ, ಬಂತಲ್ಲ! ಇನ್ನು ನಿಮ್ಮ ಮುಖಕ್ಕೂ ಸ್ವಲ್ಪ ಬರ್ಲಿ. ಕೃಷ್ಣನಿಗೆ ತುಪ್ಪದ ದೀಪ ಇಡ್ತೇನೆ."

ಅಮ್ಮನಿಗೆ ಕಳೆ ಎಂದರೆ ಕಾಂತಿ. ಎಂ.ಎ.ಯಲ್ಲಿ ಶ್ಲೇಷೆಗೆ ಇಂಥ ಉದಾಹರಣೆ ಸಿಕ್ಕಿರಲಿಲ್ಲ.

"ಹೇಳ್ಬೇಡ ಮಗಾ," ಅಪ್ಪ ನಕ್ಕರು. "ಅವಳು ಹೇಳಿದ್ದು ತಪ್ಪೆಂಥ ಅಲ್ಲ."

ನವೆಂಬರ್ 5

ಅಲಿ ಬಂದರು. ಹಸಿರು ನೋಡಿ ಕಾರಿನಿಂದಲೇ ಅಪ್ಪನನ್ನು ಕೂಗಿದರು: "ಬೋಜ! ಗೇಹೂಂ ನಹೀ, ಘಾಸ್ ಆ ಗಯಾ! ಕಲ್ ಬಡಾ ಟ್ರ್ಯಾಕ್ಟರ್, ಸಬ್ ಪಲ್ಟಾ!"

ಗೋಧಿಯಲ್ಲ, ಹುಲ್ಲು ಬಂದಿದೆ; ನಾಳೆಯೇ ದೊಡ್ಡ ಟ್ರ್ಯಾಕ್ಟರಿನಲ್ಲಿ ಆಳಕ್ಕೆ ಉತ್ತು ಮಗುಚಿಹಾಕಬೇಕಂತೆ. ಮತ್ತೆ ಹೋದ ವರ್ಷದ್ದೇ ಕತೆ. ಅಪ್ಪ ಆಗಲಿ ಎಂದು ತಲೆಯಾಡಿಸಿದರು. ಯಜಮಾನರಿಗೆ 'ಇಲ್ಲ' ಎನ್ನುವ ಅಭ್ಯಾಸವೇ ಅವರಿಗಿಲ್ಲ.

ನಾನು ಎಂದಿನಂತೆ ಮನೆ ಬಾಗಿಲ ಹಿಂದೆ; ಹೊರಗಿನವರೆದುರು ಬಾಯಿ ಬಿಟ್ಟವಳೇ ಅಲ್ಲ. ಹೇಗೆ ಹೊರಗೆ ಬಂದೆನೋ... ಒಂದು ಹುಲ್ಲು ಕಿತ್ತು ಅವರ ಮುಂದೆ ಹಿಡಿದೆ. ಬುಡದಲ್ಲಿ ಕಪ್ಪು ಬೀಜ ಇನ್ನೂ ಅಂಟಿಕೊಂಡಿತ್ತು.

"ಅರ್ಬಾಬ್, ಯೇ ಉಠ್ ಗಯಾ, ಇಸ್‌ಕೋ ಮಾರೇಗಾ. ನೀಚೇವಾಲಾ... ಸೋನೇ ದೋ."

ಎದ್ದದ್ದು ಸಾಯಲಿ, ಕೆಳಗಿನದು ಮಲಗಿರಲಿ. ಹುಲ್ಲನ್ನು ಅವರ ಕೈಗೇ ಕೊಟ್ಟೆ.

ಅಲಿ ಬೀಜ ನೋಡಿದರು, ನನ್ನನ್ನು ನೋಡಿದರು. "ಬೋಜ, ತೇರಾ ಬೇಟಿ ಬಾತ್ ಭೀ ಕರ್ತಾ ಹೈ!" ನಿನ್ನ ಮಗಳಿಗೆ ಮಾತೂ ಬರುತ್ತದಲ್ಲ ಎಂದು ಅಚ್ಚರಿ, ಆಮೇಲೆ ನಗು. "ಯಲ್ಲಾ, ಸೋನೇ ದೋ." ಆಗಲಿ, ಮಲಗಿರಲಿ ಎಂದು ಒಪ್ಪಿಗೆ.

ನವೆಂಬರ್ 9

ಕಲ್ಟಿವೇಟರ್ ಎರಡು ಬೆರಳಿನಷ್ಟು ಮಾತ್ರ ಇಳಿಯಿತು. ಬೇರು ಮೇಲಾದ ಹುಲ್ಲು ಸಂಜೆಯೊಳಗೆ ಬಾಡಿತು. ನಾಳೆ ಬಿತ್ತನೆ.

ಡಿಸೆಂಬರ್ 6

ಬಲಕ್ಕೆ. ಬಲಕ್ಕೆ. ಬಲಕ್ಕೆ. ಒಂದು ಕಡೆ ಎಡ — ಕಿತ್ತೆ. ಮತ್ತೆ ಬಲಕ್ಕೆ.

ವೀಸಾ ರಿನ್ಯೂ ಮಾಡಿಸಲು ಅಲಿ ಅಪ್ಪನ ಪಾಸ್‌ಪೋರ್ಟ್ ತೆಗೆದುಕೊಂಡು ಹೋದರು. ಊಟ ಮುಗಿಸಿ ಅಪ್ಪ ಗೊರಕೆ ಹೊಡೆಯುತ್ತಿದ್ದಾರೆ. ಎಷ್ಟು ಕಾಲವಾಯಿತು ಈ ಸದ್ದು ಕೇಳಿ!

ಅಮ್ಮನ ವಾಯ್ಸ್: "ಎಂಥ ಮಾರಾಯ್ತಿ, ಸುದ್ದಿಯೇ ಇಲ್ಲ! ಗದ್ದೆ ಹೇಗುಂಟು?"

'ಕಳೆ ಇಲ್ಲ' ಎಂದು ಟೈಪ್ ಮಾಡಿದೆ. ಅಳಿಸಿದೆ. ಹೆದರಿಯಾಳು.

ಶುಕ್ರವಾರ ಒಬ್ಬಳೇ ಟ್ಯಾಕ್ಸಿ ಮಾಡಿಕೊಂಡು ದಾರ್ಸೈಟಿಗೆ ಹೋಗಿ ಅಮ್ಮನನ್ನು ಕರೆತರುತ್ತೇನೆ. ಬದುವಿನ ಮೇಲೆ ನಿಲ್ಲಿಸಿ, ಏನೂ ಹೇಳದೆ ಗದ್ದೆ ತೋರಿಸುತ್ತೇನೆ — ಅವಳು ಹೇಳುವ ಕಳೆ ಅವಳಿಗೇ ಕಾಣಲಿ.