ಸುಣ್ಣದ ಕೆಳಗಿನ ಕೆಂಪು ಅಕ್ಷರ

ನಾಪೋಕ್ಲು,
೧೮ ಮೇ ೨೦೨೪

ಪ್ರೀತಿಯ ತನ್ಮಯೀಗೆ ಅಮ್ಮನ ಆಶೀರ್ವಾದ.

ಫೋನಿನಲ್ಲಿ ಹೇಳಿದರೆ ನಿನ್ನ ಅಪ್ಪನಿಗೆ ಕೇಳಿಸುತ್ತದೆ. ಅದಕ್ಕೇ ಈ ಕಾಗದ. ಕಂಡಕ್ಟರ್ ಮಂಜೇಶನ ಕೈಯಲ್ಲಿ ಮಡಿಕೇರಿಗೆ, ನಿನ್ನ ಕಚೇರಿಗೇ ಕಳಿಸುತ್ತಿದ್ದೇನೆ.

ಇಲ್ಲಿ ಒಂಬತ್ತು ಮಕ್ಕಳಿಗೆ ಕಾಮಾಲೆ. ನಿಮ್ಮ ಆರೋಗ್ಯ ಕಚೇರಿಯವರು ಎರಡು ಸಲ ಬಂದು, ನಲ್ಲಿ ನೀರು ಶುದ್ಧವಾಗಿದೆ ಎಂದು ಬರೆದುಕೊಂಡು ಹೋದರು. ಮಕ್ಕಳು ಏನು ಕುಡಿದಿದ್ದರೆಂದು ಒಬ್ಬರೂ ಕೇಳಲಿಲ್ಲ. ಮೂವತ್ತು ವರ್ಷ ಪಾಠ ಹೇಳಿದವಳಿಗೆ ಮೈ ಉರಿಯದೆ ಇರುತ್ತದೆಯೇ? ನಾನೇ ಮನೆಮನೆಗೆ ಹೊರಟೆ.

ಪಕ್ಕದ ಮನೆಯ ಬೆಳ್ಳಮ್ಮನ ಮೊಮ್ಮಗಳು ಅನುಶ್ರೀ ಆಸ್ಪತ್ರೆಯಲ್ಲಿದ್ದಾಳೆ, ಇನ್ನೂ ಗಂಜಿ ಸಹ ನಿಲ್ಲುತ್ತಿಲ್ಲ. ಅವಳ ಜೊತೆಗೇ ಹುಟ್ಟಿದ ಮೋಕ್ಷಿತ್ ಮಾತ್ರ ಗೇಟಿಗೆ ಜೋತುಬಿದ್ದು ಆಡುತ್ತಿದ್ದ. "ಒಂದೇ ತಟ್ಟೇಲಿ ಉಣ್ಣೋ ಮಕ್ಳು ಟೀಚರೇ, ಇವ್ನಿಗೆ ಏನೂ ಇಲ್ಲ ನೋಡಿ," ಎಂದರು ಬೆಳ್ಳಮ್ಮ. ಹಾಗಾದರೆ ಇವನು ಮುಟ್ಟದ್ದು ಏನು? ವಿಚಾರಿಸಿದೆ. "ರಾಮನವಮಿ ಪಾನಕ. ಖಾರ, ಥೂ," ಎಂದ.

ಉಳಿದ ಮನೆಗಳಲ್ಲೂ ಕೇಳಿದೆ. ಒಂಬತ್ತು ಮಕ್ಕಳೂ ಕುಡಿದಿದ್ದರು, ಅನುಶ್ರೀ ಎರಡು ಲೋಟ. ನವಮಿಯಾಗಿ ಮೂರ್ನಾಲ್ಕು ವಾರಕ್ಕೆ ಎಲ್ಲರಿಗೂ ಜ್ವರ. ಈ ಕಾಯಿಲೆ ತೋರಿಸಿಕೊಳ್ಳಲು ಅಷ್ಟು ದಿನ ಬೇಕೆಂದು ನೀನೇ ಹೇಳಿದ್ದೆ.

ಪಾನಕಕ್ಕೆ ದೇವಸ್ಥಾನದ ಬಾವಿಯಿಂದ ಆಗಷ್ಟೇ ಸೇದಿದ ಮಡಿನೀರೇ ಆಗಬೇಕು, ಕುದಿಸುವಂತಿಲ್ಲ. ಪೂಜೆಯ ಯಜಮಾನರಾದ ನಿನ್ನ ಅಪ್ಪನಿಗೆ ಹೇಳಿದರೆ, "ನಾಳೆ ನಿನ್ನ ಮಗಳು ದೇವರಿಗೂ ಇಂಜೆಕ್ಷನ್ ಚುಚ್ತಾಳಾ?" ಎಂದು ಹೊರಟೇಬಿಟ್ಟರು. ಮಂಗಳವಾರ ನರಸಿಂಹ ಜಯಂತಿ. ಮತ್ತೆ ಅದೇ ಬಾವಿ, ಅದೇ ಪಾನಕ, ಮುನ್ನೂರು ಜನ.

ಇವತ್ತು ಬಾವಿಕಟ್ಟೆಯ ಸುಣ್ಣವನ್ನು ಚಮಚದಿಂದ ಕೆರೆದೆ. ಪದರಗಳ ಕೆಳಗೆ ಕೆಂಪು ಅಕ್ಷರ ಹಾಗೇ ಇದೆ: "ಈ ನೀರು ಕುಡಿಯಬಾರದು. ೧೯೮೯." ಆ ವರ್ಷವೂ ಕಾಮಾಲೆ ಬಂದಿತ್ತು. ನಮ್ಮದೇ ಮನೆಯ ಪಾಯಿಖಾನೆ ಗುಂಡಿ ಬಾವಿಗೆ ಒಸರುತ್ತಿದೆ ಎಂದು ಆಗಿನ ಹೆಲ್ತ್ ಇನ್ಸ್‌ಪೆಕ್ಟರು ಬರೆಸಿದ್ದರು. ಗುಂಡಿ ಇವತ್ತಿಗೂ ಅಲ್ಲೇ ಇದೆ.

ಸೋಮವಾರ ಪರೀಕ್ಷೆಯ ಬಾಟಲಿ ಹಿಡಿದುಕೊಂಡು ಬಾ. ಮಗಳಾಗಿ ಬರಬೇಡ, ಕಚೇರಿಯ ಜೀಪಿನಲ್ಲಿ ಬಾ.

ನಿನ್ನ ಅಮ್ಮ,
ನರ್ಮದಾ

ಮರೆತ ಮಾತು: ಎಲ್ಲಿ ಕೆರೆಯಬೇಕೆಂದು ನನಗೆ ಹೇಗೆ ಗೊತ್ತಾಯಿತು ಎಂದು ನೀನು ಕೇಳಿಯೇ ಕೇಳುತ್ತೀ. ಜನ ಓದಿ ಆಡಿಕೊಳ್ಳುತ್ತಾರೆ ಎಂದು ನಿನ್ನ ಅಜ್ಜ ಹೇಳಿದಾಗ ಅದರ ಮೇಲೆ ಮೊದಲ ಸುಣ್ಣ ಬಳಿದ ಹೊಸ ಸೊಸೆ ನಾನೇ. ಆಮೇಲೆ ಪ್ರತಿ ವರ್ಷವೂ ನಾನೇ. ಬಾವಿಯ ಹಗ್ಗ ಬಿಚ್ಚಿ ಅಕ್ಕಿ ಡಬ್ಬದಲ್ಲಿ ಅಡಗಿಸಿದ್ದೇನೆ. ನೀನು ಬರುವವರೆಗೆ ಸಿಗುವುದಿಲ್ಲ.