ಚಂಡಮಾರುತದ ಕಣ್ಣಿನೊಳಗೆ ತಾವು ಮಾಡಿಸಿದ ಘೋಷಣೆ

ವಿಪತ್ತು ನಿರ್ವಹಣಾ ಕಚೇರಿಯ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ಮೊದಲಿಗೆ ಅಭಿನಂದನೆಗಳು. ಕಳೆದ ವಾರ ಪುರಭವನದಲ್ಲಿ ತಮಗೆ ಪದಕ ತೊಡಿಸಿದಾಗ ನಾನೂ ಹಿಂದಿನ ಸಾಲಿನಲ್ಲಿದ್ದೆ. ಸನ್ಮಾನಕ್ಕೆ ಉತ್ತರವಾಗಿ ತಾವು ಆಡಿದ ಮಾತೊಂದು ಇನ್ನೂ ಕಿವಿಯಲ್ಲಿ ಕೊರೆಯುತ್ತಿದೆ: "ಇಲಾಖೆಯ ಎಚ್ಚರಿಕೆಯನ್ನು ಉಲ್ಲಂಘಿಸಿ, ಕುತೂಹಲಕ್ಕೆಂದು ಹೊರಗೆ ಹೋದವರು ಮಾತ್ರ ಪ್ರಾಣ ಕಳೆದುಕೊಂಡರು." ಹಾಗೆ ಪ್ರಾಣ ಕಳೆದುಕೊಂಡವರಲ್ಲಿ ನನ್ನ ಅಕ್ಕನ ಗಂಡನೂ ಒಬ್ಬರು. ಭಾವ ತಮ್ಮ ಎಚ್ಚರಿಕೆಯನ್ನು ಉಲ್ಲಂಘಿಸಿ ಸಾಯಲಿಲ್ಲ, ಮಾನ್ಯರೇ. ತಮ್ಮ ಘೋಷಣೆಯನ್ನು ಪಾಲಿಸಿ ಸತ್ತರು. ಈ ಸಣ್ಣ ತಿದ್ದುಪಡಿಗಾಗಿ ತಮ್ಮ ಕಚೇರಿಗೆ ಹಲವು ಸಲ ಅಲೆದೆ. ಪ್ರತಿಸಲವೂ ಸಾಹೇಬರು ಮೀಟಿಂಗಿನಲ್ಲಿದ್ದರು. ಆದ್ದರಿಂದ ಪತ್ರಿಕೆಯ ಮೂಲಕ ಬರೆಯುತ್ತಿದ್ದೇನೆ. ತಮ್ಮ ಫೋಟೋ ಬಂದ ದಿನವಾದರೂ ತಾವು ಪತ್ರಿಕೆ ತೆರೆಯುತ್ತೀರೆಂದು ಕೇಳಿಬಲ್ಲೆ.

ನಾನು ಬಂದರಿನ ಮೇಲಿನ ದಿಬ್ಬದ ಶಾಲೆಯಲ್ಲಿ ಭೂಗೋಳ ಕಲಿಸುವವಳು. ತಮ್ಮ ಪ್ರಕಟಣೆಯಲ್ಲಿ "ಹಠಾತ್ತನೆ ಎರಗಿದ ಚಂಡಮಾರುತ" ಎಂಬ ಮಾತು ಕಂಡು ನನ್ನ ಕೈ ತಾನಾಗಿಯೇ ಕೆಂಪು ಪೆನ್ನಿನ ಕಡೆ ಹೋಯಿತು. ಚಂಡಮಾರುತಕ್ಕೆ ಒಂದೊಂದು ಕಡಲಲ್ಲಿ ಒಂದೊಂದು ಹೆಸರಿರಬಹುದು, ಆದರೆ ಯಾವ ಕಡಲಲ್ಲೂ ಅದು ಹಠಾತ್ತನೆ ಹುಟ್ಟುವುದಿಲ್ಲ. ಬಿಸಿಲುಂಡ ಕಡಲು ಹಲವು ಆಳುದ್ದಕ್ಕೆ ಬೆಚ್ಚಗಾಗಬೇಕು. ಆ ನೀರು ಆವಿಯಾಗಿ ಮೇಲೇರಿ, ಮೇಲೆ ತಣ್ಣಗಾಗಿ ಮೋಡವಾಗುವಾಗ ತಾನು ಹೊತ್ತು ತಂದ ಶಾಖವನ್ನು ಬಿಟ್ಟುಕೊಡುತ್ತದೆ. ಆ ಶಾಖಕ್ಕೆ ಸುತ್ತಲ ಗಾಳಿ ಇನ್ನೂ ಹಗುರಾಗಿ ಇನ್ನೂ ಮೇಲೇರುತ್ತದೆ, ಕೆಳಗೆ ಒತ್ತಡ ಕುಸಿಯುತ್ತದೆ, ತೆರವಾದ ಜಾಗಕ್ಕೆ ಎಲ್ಲ ಕಡೆಯಿಂದ ಗಾಳಿ ನುಗ್ಗುತ್ತದೆ. ನುಗ್ಗುವ ಗಾಳಿ ಬರಿಗೈಯಲ್ಲಿ ಬರುವುದಿಲ್ಲ, ಕಡಲ ಮೇಲಿನಿಂದ ಮತ್ತಷ್ಟು ಆವಿಯನ್ನು ಹೊತ್ತುಕೊಂಡೇ ಬರುತ್ತದೆ. ಭೂಮಿ ತಿರುಗುತ್ತಿರುವುದರಿಂದ ಅದು ನೆಟ್ಟಗೆ ಬಾರದೆ ಸುಳಿಯಾಗಿ ಸುತ್ತುತ್ತದೆ. ಬೆಚ್ಚಗಿನ ನೀರು ಸಿಗುವಷ್ಟು ಕಾಲ ಕೊಬ್ಬುತ್ತ ಹೋಗಿ, ತಣ್ಣನೆಯ ನೀರು ಸಿಕ್ಕಾಗಲೋ ನೆಲ ಹತ್ತಿದಾಗಲೋ ಸೊರಗುವುದು. ಇದಕ್ಕೆಲ್ಲ ದಿನಗಟ್ಟಲೆ ಬೇಕು. ಇಷ್ಟು ನಿಧಾನವಾಗಿ, ಇಷ್ಟು ಬಹಿರಂಗವಾಗಿ ಸಿದ್ಧವಾಗುವ ಶತ್ರು ಇನ್ನೊಬ್ಬನಿಲ್ಲ. ನಿಜ, ತಮ್ಮ ಕಚೇರಿಯಲ್ಲಿ ಒಂದು ಕಡತ ಈ ಮೇಜಿನಿಂದ ಆ ಮೇಜಿಗೆ ಹೋಗುವಷ್ಟರಲ್ಲಿ ಕಡಲು ಒಂದು ಚಂಡಮಾರುತವನ್ನು ಹೆತ್ತು, ಸಾಕಿ, ದಡಕ್ಕೆ ಕಳಿಸಿರುತ್ತದೆ. ಆ ಲೆಕ್ಕದಲ್ಲಿ ಹಠಾತ್ ಎಂದರೂ ತಪ್ಪಿಲ್ಲ.

ಇನ್ನು ಆ ಸುಳಿಯ ನಟ್ಟನಡುವೆ ಒಂದು ಬಯಲಿದೆ. ಅಲ್ಲಿ ಗಾಳಿ ಬಹುಮಟ್ಟಿಗೆ ಸತ್ತಿರುತ್ತದೆ, ಮೋಡ ಸರಿದಿರುತ್ತದೆ, ಬಿಸಿಲೂ ಬೀಳಬಹುದು. ಅದನ್ನು ಕಣ್ಣು ಎನ್ನುತ್ತಾರೆ. ಸುತ್ತ ಗೋಡೆಯಂತೆ ನಿಂತ ಮೋಡಗಳಲ್ಲಿ ಎಲ್ಲಕ್ಕಿಂತ ಭೀಕರವಾದ ಗಾಳಿ. ಕಣ್ಣು ನಮ್ಮ ನೆತ್ತಿಯ ಮೇಲಿದೆ ಎಂದರೆ ಅರ್ಧ ಚಂಡಮಾರುತ ದಾಟಿದೆ, ಇನ್ನರ್ಧ ಬಾಕಿಯಿದೆ, ಬಾಕಿಯದು ಎದುರು ದಿಕ್ಕಿನಿಂದ ಬರಲಿದೆ ಎಂದರ್ಥ. ನನ್ನ ಏಳನೆಯ ತರಗತಿಗೆ ಇದು ಎರಡು ಅಂಕದ ಪ್ರಶ್ನೆ. ಚಂಡಮಾರುತಕ್ಕೂ ಕಣ್ಣಿದೆ ಎಂದರೆ ಮಕ್ಕಳು ನಗುತ್ತಾರೆ. ಅಧಿಕಾರಿಗಳಿಗೂ ಇರುತ್ತದೆ ಎಂದು ಇಷ್ಟು ದಿನ ಹೇಳಿಕೊಡುತ್ತಿದ್ದೆ.

ಭಾವನ ವಿಷಯಕ್ಕೆ ಬರುತ್ತೇನೆ. ಅವರದು ಬಂದರಿನ ಬೀದಿಯಲ್ಲಿ ಬೇಕರಿ. ಊರಿನಲ್ಲಿ ಅವರಷ್ಟು ವಿಧೇಯ ನಾಗರಿಕ ತಮಗೆ ಇನ್ನೊಬ್ಬ ಸಿಕ್ಕಿರಲಾರ. ನರಪಿಳ್ಳೆ ಇಲ್ಲದ ರಸ್ತೆಯಲ್ಲೂ ಕೆಂಪು ದೀಪ ಕಂಡರೆ ಸೈಕಲ್ ನಿಲ್ಲಿಸಿ ಕಾಯುವವರು. "ನಮ್ಮಪ್ಪನ ಮಾತಿಗೂ ಇಷ್ಟು ಬೆಲೆ ಕೊಟ್ಟಿಲ್ಲ. ಇವರಿಗೆ ಸರ್ಕಾರ ಅಂದ್ರೆ ಇನ್ನೊಬ್ಬ ಮಾವ ಇದ್ದ ಹಾಗೆ" ಎಂದು ಅಕ್ಕ ಛೇಡಿಸುತ್ತಿದ್ದಳು. ಊರು ಬಿಟ್ಟು ಎತ್ತರಕ್ಕೆ ಬನ್ನಿ ಎಂದು ತಮ್ಮ ಗಾಡಿ ಕೂಗಿಕೊಂಡು ಬಂದಾಗ ಅಕ್ಕಪಕ್ಕದವರು ಇನ್ನೂ ಆಕಾಶ ನೋಡುತ್ತ ಮೀನಮೇಷ ಎಣಿಸುತ್ತಿದ್ದರು. ಭಾವ ಆಗಲೇ ಒಲೆ ಆರಿಸಿ, ಇದ್ದಬದ್ದ ಬ್ರೆಡ್ಡನ್ನೆಲ್ಲ ತಟ್ಟೆಗಳಲ್ಲಿ ಹೇರಿಕೊಂಡು, ಅಕ್ಕನನ್ನು ಕರೆದುಕೊಂಡು, ಆಶ್ರಯ ಕೇಂದ್ರವಾಗಿದ್ದ ನಮ್ಮ ಶಾಲೆಗೆ ಬಂದಿದ್ದರು. ಇಂಥವರು ಎಚ್ಚರಿಕೆ ಉಲ್ಲಂಘಿಸಿದರೇ?

ಚಂಡಮಾರುತ ಬಂದ ದಿನ ಬೆಳಗಿನಿಂದ ಗಾಳಿ ಗುಡ್ಡದ ಕಡೆಯಿಂದ ಬೀಸಿತು. ಬೀಸಿತು ಎಂಬುದು ಅದಕ್ಕೆ ತಕ್ಕ ಕ್ರಿಯಾಪದವಲ್ಲ. ಆಶ್ರಯಕ್ಕೆ ಬಂದ ತಾಯಂದಿರನ್ನೂ ಮಕ್ಕಳನ್ನೂ ನಡುವೆ ಕೂರಿಸಿ, ಕಿಟಕಿಗಳಿಗೆ ಬೆಂಚು ಒತ್ತಿ ಹಿಡಿದಿದ್ದೆವು. ಪ್ರಯೋಗಾಲಯದ ಮೇಲಿನ ತಗಡು ಒಂದೊಂದಾಗಿ ಕಿತ್ತು ಹೋಗುವಾಗ ಯಾರೋ ಮಹಡಿಯ ಮೇಲೆ ಬೀರು ಎಳೆದಾಡಿದ ಹಾಗೆ ಕೇಳುತ್ತಿತ್ತು. ನೀರು ಬಾಗಿಲ ಸಂದಿಯಿಂದ ಒಳಗೆ ಚಿಮ್ಮುತ್ತಿತ್ತು. ರೇಡಿಯೋದಲ್ಲಿ ಹವಾಮಾನದವರು ಸ್ಪಷ್ಟವಾಗಿ ಹೇಳಿದ್ದರು: ಕಣ್ಣು ನಿಮ್ಮ ಊರ ಮೇಲೆಯೇ ಹಾಯಲಿದೆ, ಗಾಳಿ ನಿಂತರೂ ಹೊರಬರಬೇಡಿ. ಆಮೇಲೆ ಪ್ರಸಾರದ ಗೋಪುರ ಬಿದ್ದಿರಬೇಕು, ರೇಡಿಯೋ ಸುಮ್ಮನಾಯಿತು. ಅವರು ಹೇಳಿದ್ದು ನನಗೆ ತಲುಪಿತು. ತಮಗೆ ತಲುಪಲಿಲ್ಲವೇ? ಅಥವಾ ಸರಿಯಾದ ಮಾರ್ಗದ ಮೂಲಕ ಬರಲಿಲ್ಲವೆಂದು ಹಿಂದಿರುಗಿಸಿದಿರೋ?

ಮಧ್ಯಾಹ್ನದ ಹೊತ್ತಿಗೆ ಯಾರೋ ಗುಂಡಿ ಒತ್ತಿದ ಹಾಗೆ ಗಾಳಿ ನಿಂತುಬಿಟ್ಟಿತು. ಬಿಸಿಲು ಬಂತು. ಮೈದಾನದ ನೀರಿನ ಮೇಲೆ ಆಕಾಶ ನೀಲಿಯಾಗಿ ಹೊಳೆಯಿತು. ದಣಿದ ಹಕ್ಕಿಗಳು ಬಂದು ಆವರಣದ ಗೋಡೆಯ ಮೇಲೆ ಕೂತವು. ಬಾಗಿಲಿಗೆ ಬಂದವರನ್ನೆಲ್ಲ ನಾನು ತಡೆಯುತ್ತಿದ್ದೆ, ಅವರೂ ಕೇಳುತ್ತಿದ್ದರು. ಆಗ ಬಂತು ನೋಡಿ ತಮ್ಮ ಗಾಡಿ, ತಲೆಯ ಮೇಲೆ ಧ್ವನಿವರ್ಧಕ ಹೊತ್ತುಕೊಂಡು: "ಸಾರ್ವಜನಿಕರ ಗಮನಕ್ಕೆ. ಚಂಡಮಾರುತ ದಾಟಿ ಹೋಗಿದೆ. ಎಲ್ಲರೂ ಆಶ್ರಯ ಕೇಂದ್ರಗಳನ್ನು ತೆರವು ಮಾಡಿ ತಮ್ಮ ತಮ್ಮ ಮನೆಗಳಿಗೆ ಮರಳಬೇಕೆಂದು ಕೋರಲಾಗಿದೆ."

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎಂದರಂತೆ! ಜನ ಎದ್ದರು. ನನ್ನ ಗಂಟಲು ಎಲ್ಲಿ, ತಮ್ಮ ಧ್ವನಿವರ್ಧಕ ಎಲ್ಲಿ? ಭಾವ ಖಾಲಿ ತಟ್ಟೆಗಳನ್ನು ಜೋಡಿಸಿಕೊಳ್ಳುತ್ತಿದ್ದರು.

"ಭಾವ, ಹೋಗ್ಬೇಡಿ. ಇದು ಕಣ್ಣು. ಇನ್ನರ್ಧ ಬರೋದಿದೆ. ಈ ಸಲ ಬಂದರಿನ ಕಡೆಯಿಂದ ಬರುತ್ತೆ" ಎಂದೆ.

"ಟೀಚರಮ್ಮ, ನಿನ್ನ ಪುಸ್ತಕದಲ್ಲಿ ಇರಬಹುದು. ಸರ್ಕಾರವೇ ಹೇಳ್ತಿದೆಯಲ್ಲ! ಅವರು ಸುಮ್ ಸುಮ್ನೆ ಹೇಳ್ತಾರಾ? ದೊಡ್ಡ ಮಷೀನು ಎಲ್ಲಾ ಇಟ್ಕೊಂಡಿರ್ತಾರೆ" ಎಂದು ನಕ್ಕರು.

"ರೀ, ಅವಳು ಅಷ್ಟು ಹೇಳ್ತಿದಾಳೆ. ಸ್ವಲ್ಪ ಹೊತ್ತು ನೋಡಿ" ಎಂದಳು ಅಕ್ಕ.

"ಇಲ್ಲಿ ಮಕ್ಕಳೆಲ್ಲ ಹಸಿದಿದಾವೆ ಕಣೇ. ಬೇಕರೀಲಿ ಇನ್ನೊಂದು ಕಪಾಟು ತುಂಬ ರಸ್ಕು ಇದೆ. ಹೀಗೆ ಹೋಗಿ ಹಾಗೆ ಬಂದೆ. ನೀನು ಇಲ್ಲೇ ಇರು" ಎಂದು ಹೊರಟರು.

ಕುತೂಹಲಕ್ಕೆ ಹೋದರಂತೆ! ರಸ್ಕಿನ ಬಗ್ಗೆ ಯಾರಿಗಾದರೂ ಕುತೂಹಲ ಇರುತ್ತದೆಯೇ, ಮಾನ್ಯರೇ?

ಅಕ್ಕ ಬಾಗಿಲ ಬಳಿಯೇ ನಿಂತಿದ್ದಳು. ಇನ್ನೂ ಹಲವರು ಗಂಟುಮೂಟೆ ಹೊತ್ತು ಮೆಟ್ಟಿಲಿಳಿದರು. ಮಕ್ಕಳೂ ಏಳತೊಡಗಿದಾಗ ನನಗೆ ತೋಚಿದ್ದು ಒಂದೇ. ತರಗತಿಯಲ್ಲಿ ಬಳಸುವ ದನಿಯಲ್ಲಿ ಕೂಗಿದೆ: "ಹಾಜರಿ ಆಗೋವರೆಗೂ ಯಾರೂ ಏಳೋ ಹಾಗಿಲ್ಲ!" ಪಾಪ, ಕೂತವು. ಮಕ್ಕಳು ಕೂತಿದ್ದರಿಂದ ಅವುಗಳ ತಾಯಂದಿರೂ ಗೊಣಗುತ್ತಲೇ ಕೂತರು. ತಮ್ಮ ಸನ್ಮಾನದ ದಿನ "ಸಾವಿನ ಸಂಖ್ಯೆ ಕಡಿಮೆ" ಎಂದು ಕೊಂಡಾಡಿದರಲ್ಲ, ಆ ಕಡಿಮೆಯ ಒಂದು ಪಾಲು ಈ ಗೊಣಗಾಟದ್ದು.

ಮೊದಲು ಹಕ್ಕಿಗಳು ಎದ್ದವು. ಆಮೇಲೆ ಬಂದರಿನ ಕಡೆ ಆಕಾಶ ಗೋಡೆಯ ಹಾಗೆ ಕಪ್ಪಾಯಿತು. ತಮ್ಮ ಗಾಡಿಯ ಡ್ರೈವರು ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು ದಿಬ್ಬ ಹತ್ತಿ ಓಡಿ ಬಂದು ಒಳಗೆ ಬಿದ್ದ. ಅವನೂ ಅಕ್ಕನೂ ನಾನೂ ಸೇರಿ ಬಾಗಿಲಿಗೆ ಬೆನ್ನು ಕೊಟ್ಟೆವು. ಅಕ್ಕ ಕೊನೆಯವರೆಗೂ ಒಂದು ಗೇಣು ತೆರೆದೇ ಹಿಡಿದಿದ್ದಳು. "ಬರ್ತಾರೆ, ಓಡ್ತಾ ಇರ್ತಾರೆ" ಎನ್ನುತ್ತಿದ್ದಳು. ಗಾಳಿಯೇ ಬಾಗಿಲನ್ನು ಮುಚ್ಚಿತು.

ಬೆಳಗಿನಿಂದ ಒಂದು ಕಡೆಯ ಒತ್ತಡಕ್ಕೆ ಎದೆಗೊಟ್ಟು ನಿಂತಿದ್ದ ಗೋಡೆಗಳೆಲ್ಲ ಈಗ ಬೆನ್ನಿಗೆ ಬಿದ್ದ ಪೆಟ್ಟಿಗೆ ಕುಸಿದವು. ಕಡಲು ಗಾಳಿಯ ಹಿಂದೆಯೇ ಬೀದಿಗೆ ನುಗ್ಗಿತು. ಮರುದಿನ ಇಳಿದು ಹೋದಾಗ ಬಂದರಿನ ಬೀದಿ ಬೀದಿಯಾಗಿ ಉಳಿದಿರಲಿಲ್ಲ. ಅಂಚೆ ಕಚೇರಿಯ ಮೆಟ್ಟಿಲ ಮೇಲೆ ದೋಣಿ ಮಲಗಿತ್ತು. ದೀಪದ ಕಂಬಗಳು ತಲೆ ಬಗ್ಗಿಸಿ ನಿಂತಿದ್ದವು. ಬೇಕರಿಯ ಮುಂಗೋಡೆಯಡಿ ಭಾವ ಸಿಕ್ಕರು. ರಸ್ಕಿನ ಡಬ್ಬವೊಂದು ತೋಳಿನಡಿ ಹಾಗೇ ಇತ್ತು. ಅಂದರೆ ಅವರು ಒಳಗೆ ಕೂತಿರಲಿಲ್ಲ, ನಮ್ಮ ಕಡೆಗೆ ಹೊರಟಿದ್ದರು. ಅಕ್ಕ ಅಳಲಿಲ್ಲ. ಸೆರಗಿನಿಂದ ಅವರ ಮುಖದ ಮಣ್ಣು ಒರೆಸುತ್ತ, "ಬಂದೆ ಅಂದ್ರಲ್ಲ, ಬರ್ತಾನೇ ಇದ್ರು" ಎಂದಳು.

ಆ ಡ್ರೈವರು ಆಮೇಲೆ ಅಕ್ಕನ ಮುಂದೆ ಕೈಮುಗಿದು ನಿಂತ. "ಅಮ್ಮಾ, ನಾನಾಗಿ ಹೇಳಿದ್ದಲ್ಲ. ಸಾಹೇಬ್ರು ಕಿಟಕಿಯಿಂದ ಆಚೆ ನೋಡಿ, ಬಿಸಿಲು ಬಂತಲ್ಲಪ್ಪ, ಎಲ್ಲರನ್ನೂ ಮನೆಗೆ ಕಳ್ಸು ಅಂದ್ರು." ಅಕ್ಕ ಅವನನ್ನು ಕೂರಿಸಿ ಚಹಾ ಕೊಟ್ಟಳು. ತಾವಾದರೆ ಅವನಿಗೆ ಏನು ಕೊಡುವಿರೋ ಎಂಬ ಭಯ ಅವನಿಗಿದೆ. ಅವನ ಕೆಲಸಕ್ಕೆ ಕುತ್ತು ಬಂದರೆ ನನ್ನ ಮುಂದಿನ ಪತ್ರ ತಮ್ಮ ಮೇಲಿನವರಿಗೆ.

ಸನ್ಮಾನದ ದಿನ ತಮ್ಮ ಭಾಷಣ ಮುಗಿಯುತ್ತಲೇ ಅಕ್ಕ ಎದ್ದು ನಿಂತದ್ದು ತಮಗೆ ನೆನಪಿರಬಹುದು. "ಸಾಹೇಬ್ರೇ, ಗಾಡಿ ಕಳ್ಸಿದ್ದು ಯಾರು?" ಎಂದಷ್ಟೇ ಕೇಳಿದಳು. ನಿರೂಪಕರು ಈಗ ವಂದನಾರ್ಪಣೆ ಎಂದರು. ತಾವು ಬಹಳ ಮೃದುವಾಗಿ, "ಪಾಪ, ಶಾಕಿನಲ್ಲಿದ್ದಾರೆ, ಯಾರಾದ್ರೂ ನೀರು ಕೊಡಿ" ಎಂದಿರಿ. ನೀರು ಬಂತು. ಅಕ್ಕ ಲೋಟವನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದಳು. ಕುಣಿಯಲಾರದವಳು ನೆಲ ಡೊಂಕು ಎಂದಳೆಂಬ ಗಾದೆ ಹಳೆಯದಾಯಿತು, ಮಾನ್ಯರೇ. ಈಗ ಗೋಡೆಯಡಿ ಸಿಕ್ಕಿ ಸತ್ತವರದೇ ತಪ್ಪು ಎಂದು ಹೇಳಿ ಪದಕ ತೊಡುವ ಕಾಲ.

ಗಾಳಿಯನ್ನು ತಡೆಯಬೇಕಿತ್ತು ಎಂದು ನಾನು ಕೇಳುತ್ತಿಲ್ಲ. ಕಡಲನ್ನು ಯಾವ ಅಧಿಕಾರಿಯೂ ತಣ್ಣಗಾಗಿಸಲಾರ. ಮನುಷ್ಯ ತಪ್ಪುತ್ತಾನೆ, ಬಿಸಿಲು ಕಂಡು ತಾವೂ ಮೋಸ ಹೋದಿರಿ, ಅಷ್ಟನ್ನು ಒಪ್ಪಿಕೊಂಡಿದ್ದರೆ ಈ ಪತ್ರವೇ ಇರುತ್ತಿರಲಿಲ್ಲ. ಆದರೆ ತಮ್ಮ ತಪ್ಪನ್ನು ಸತ್ತವರ ತಲೆಗೆ ಕಟ್ಟಿದ್ದರಿಂದ ಏನಾಗಿದೆ ಗೊತ್ತೇ? ಬಂದರಿನ ಬೀದಿಯಲ್ಲಿ ಉಳಿದವರು ಒಂದೇ ಮಾತು ಆಡುತ್ತಿದ್ದಾರೆ: ಇನ್ನು ಆ ಗಾಡಿ ಏನು ಕೂಗಿದರೂ ಕದಲುವುದಿಲ್ಲ. ಕಡಲು ಮತ್ತೆ ಬೆಚ್ಚಗಾಗುತ್ತದೆ. ಮುಂದಿನ ಸಲ ಗಾಡಿ ನಿಜವನ್ನೇ ಕೂಗಿದರೂ ಜನ ಚಿಲಕ ಹಾಕಿಕೊಂಡು ಒಳಗೇ ಕೂರುತ್ತಾರೆ. ಆಗ ಸಾಯುವವರಿಗೆ ತಾವು ಯಾವ ಕಾರಣ ಹುಡುಕಿಟ್ಟಿದ್ದೀರಿ?

ನನ್ನ ಬೇಡಿಕೆ ಒಂದೇ. ಅದೇ ಗಾಡಿಯಲ್ಲಿ, ಅದೇ ಧ್ವನಿವರ್ಧಕದಲ್ಲಿ, ಅದೇ ಬೀದಿಗಳಲ್ಲಿ ತಾವೇ ಕೂತು ಬಂದು, ಅಂದಿನ ಘೋಷಣೆ ತಮ್ಮದು, ಅದು ತಪ್ಪು, ಹೊರಗೆ ಹೋದವರು ತಮ್ಮ ಮಾತು ನಂಬಿ ಹೋದರು ಎಂದು ಹೇಳಬೇಕು. ಅಂದು ಎಷ್ಟು ಜೋರಾಗಿ ಕೂಗಿಸಿದಿರೋ ಅಷ್ಟೇ ಜೋರಾಗಿ. ಪದಕ ಹಾಕಿಕೊಂಡೇ ಬನ್ನಿ, ಅಭ್ಯಂತರವಿಲ್ಲ.

ಇದನ್ನು ಕಳಿಸುವ ಮುನ್ನ ಅಕ್ಕನಿಗೆ ಓದಿ ಹೇಳಿದೆ. ಬೇಕರಿಯ ಮುರಿದ ಗೋಡೆಗೆ ತಾಡಪಾಲು ಕಟ್ಟಿಕೊಂಡು ಒಲೆ ಹೊತ್ತಿಸುತ್ತಿದ್ದಳು. ಇಷ್ಟು ಚುಚ್ಚಬೇಕಿತ್ತಾ ಎಂದಳು. ಆಮೇಲೆ ಒಲೆಗೆ ಇನ್ನೊಂದು ಕಟ್ಟಿಗೆ ತಳ್ಳಿ, "ಅವರು ಬಂದು ತಪ್ಪಾಯ್ತು ಅಂದ್ರೆ ನಾನು ನಂಬ್ತೀನಿ. ಆಮೇಲೆ ಆ ಗಾಡಿ ಹೊರಡಿ ಅಂದ ದಿನ ಮೊದ್ಲು ಹೊರಡೋಳು ನಾನೇ, ಬೀದಿಯವರನ್ನೂ ಎಳ್ಕೊಂಡು ಹೋಗ್ತೀನಿ" ಎಂದಳು.

ಇಂತಿ,
ತಮ್ಮ ಧ್ವನಿವರ್ಧಕದ ಮುಂದೆ ಸೋತ ಗಂಟಲಿನ,
ಒಬ್ಬ ಭೂಗೋಳದ ಟೀಚರು