ಬಾಗಿಲಿಲ್ಲದ ಮದುವೆ

ಸ್ಯಾಫರ್ಡ್, ಅರಿಜೋನಾ
ಮೇ ೧೪, ಬುಧವಾರ

ನನ್ನ ಮುದ್ದು ಡೆಲೇನಿಗೆ,

ಹೇಗಿದ್ದೀಯೇ ತಾಯಿ? ಕಾಡಿನ ಬೆಂಕಿ ಆರಿಸಲು ಹೋಗಿ, ಹೊಗೆ ಕುಡಿದು ತಂದುಕೊಂಡ ಕೆಮ್ಮು ವಾಸಿಯಾಯಿತೇ? ಬಿಸಿನೀರಿಗೆ ಜೇನುತುಪ್ಪ ಹಾಕಿ ಕುಡಿ ಎಂದರೆ ನೀನು ಕೇಳುವವಳಲ್ಲ. ನಾನು ಚೆನ್ನಾಗಿದ್ದೇನೆ, ಮಂಡಿ ಮಾತ್ರ ಎಂದಿನಂತೆ ಗೊಣಗುತ್ತಿದೆ. ಇದೇ ಇಪ್ಪತ್ತನಾಲ್ಕನೇ ತಾರೀಖಿನ ನಿನ್ನ ಮದುವೆಗೆ ಈಗಲೇ ಜೋಳದ ಹಿಟ್ಟಿನ ತಮಾಲೆ ಕಡುಬು ಸುತ್ತಿ ಫ್ರೀಜರಿನಲ್ಲಿಟ್ಟೆ. ಕೈಗೆ ಕೆಲಸ ಕೊಟ್ಟರೆ ಹೆದರಿಕೆ ಸುಮ್ಮನಾದೀತು ಅಂದುಕೊಂಡೆ, ಆಗಲಿಲ್ಲ.

ಮೊನ್ನೆ ಚರ್ಚಿನ ಹಾಲ್‌ನಲ್ಲಿ, ನಿನ್ನ ಮದುವೆಯ ಉಡುಗೊರೆ ಕೂಟದಲ್ಲಿ, ಗೆಳತಿಯರು ಆಟಕ್ಕೆಂದು ನಿನಗೆ ಟಾಯ್ಲೆಟ್ ಪೇಪರ್ ಸುತ್ತಿ ಮದುವೆ ಗೌನು ಮಾಡಿದರಲ್ಲ, ಎಷ್ಟು ನಕ್ಕೆ ನಾನು! ಆಮೇಲೆ ಹಾಗೇ ನಿಂತುಕೊಂಡು ನೀನು ಹೇಳಿದೆ: "ನಾವು ಮಾಮೂಲಿ ಮದುವೆ ಆಗ್ತಿಲ್ಲ ಅಜ್ಜಿ, ಒಡಂಬಡಿಕೆ ಮದುವೆ. ಸಾಕಾಯ್ತು ಅಂತ ಎದ್ದು ಹೋಗೋ ಹಾಗಿಲ್ಲ. ಗಂಡ ಒಪ್ಪದಿದ್ರೆ, ಅವನು ತಪ್ಪು ಮಾಡಿದಾನೆ ಅಂತ ಕೋರ್ಟಲ್ಲಿ ತೋರಿಸಿದ್ರೇನೇ ಡೈವೋರ್ಸು." ಪಾದ್ರಿಗಳು ತಲೆದೂಗಿದರು. ನಾನು ಬೇಡ ಕಣೇ ಎಂದದ್ದಕ್ಕೆ, "ಶುರುವಾಯ್ತು ನೋಡಿ ಅಜ್ಜಿ ಭಾಷಣ! ನಾನಂತೂ ಫೆಮಿನಿಸ್ಟ್ ಅಲ್ಲಪ್ಪ, ನಂಗೆ ಗಂಡಸರನ್ನ ಕಂಡ್ರೆ ಇಷ್ಟ" ಎಂದೆ. ಎಲ್ಲರೂ ಘೊಳ್ಳೆಂದು ನಕ್ಕರು.

ಅಯ್ಯೋ ಹುಚ್ಚಿ, ನನಗೇನು ಇಷ್ಟವಿರಲಿಲ್ಲವೇ? ನಿನ್ನ ತಾತನೆಂದರೆ ಪ್ರಾಣ ಬಿಡುತ್ತಿದ್ದೆ. ಫೆಮಿನಿಸ್ಟ್ ಅನ್ನುವ ಹೆಸರು ಬೇಡವಾದರೆ ಬಿಡು, ಹಣೆಗೆ ಅಂಟಿಸಿಕೊಂಡು ಓಡಾಡು ಅಂತ ನಾನೇನೂ ಹೇಳುತ್ತಿಲ್ಲ. ಆದರೆ ಉಂಡ ಮನೆಯ ಜಂತೆ ಎಣಿಸಬೇಡ. ನಾನು ನಿನ್ನ ವಯಸ್ಸಿನಲ್ಲಿದ್ದಾಗ ನಮ್ಮ ಊರಿನ ಅಗ್ನಿಶಾಮಕ ಠಾಣೆಗೆ ಹೆಂಗಸರು ಹೋಗುತ್ತಿದ್ದದ್ದು ಗಂಡನಿಗೆ ಊಟದ ಡಬ್ಬಿ ಕೊಡುವುದಕ್ಕೆ. ಯಾರೋ ಹೆಣ್ಣುಮಕ್ಕಳು ಕೋರ್ಟು ಕಚೇರಿ ಅಲೆದು, ಊರಿನವರಿಂದ ಬೈಸಿಕೊಂಡು ನಿನಗೆ ಆ ಬಾಗಿಲು ತೆಗೆಸಿದರು. ನಾನು ನಿನ್ನಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಡೈವೋರ್ಸಿಗೆ ಜಡ್ಜ್ ಮುಂದೆ ನಿಂತಾಗ, ಯಾರ ತಪ್ಪನ್ನೂ ತೋರಿಸಬೇಕಿಲ್ಲ ಅನ್ನುವ ಹೊಸ ಕಾನೂನು ಬಂದಿತ್ತು. ಅಂಥದ್ದು ಬೇಕೆಂದು ಗಂಟಲು ಹರಿದುಕೊಂಡವರಲ್ಲಿ ನೀನು ಬೇಡವೆಂದ ಆ ಹೆಸರಿನ ಹೆಂಗಸರೂ ಇದ್ದರು. "ಸಂಸಾರ ಮುರಿದಿದೆಯೇನಮ್ಮ?" ಎಂದರು ಜಡ್ಜ್. "ಹೌದು ಸ್ವಾಮಿ" ಎಂದೆ. ಏಟಿನ ಗುರುತು ತೋರಿಸು ಅನ್ನಲಿಲ್ಲ. ತೋರಿಸಲು ನನ್ನಲ್ಲಿ ಏನೂ ಇರಲಿಲ್ಲ, ನಿನ್ನ ತಾತ ಒಂದು ದಿನವೂ ನನ್ನ ಮೇಲೆ ಕೈ ಎತ್ತಿದವರಲ್ಲ.

ನಿನ್ನ ಮೇಲೆ ಕೋಪವಿಲ್ಲ ಮಗೂ, ಭಯ ಅಷ್ಟೇ. ದೇವರು ನಿನ್ನನ್ನು ಕಣ್ಣರೆಪ್ಪೆಯಂತೆ ಕಾಯಲಿ. ಠಾಣೆಯ ಗೆಳೆಯರಿಗೆಲ್ಲ ಮುದುಕಿ ಕೇಳಿದಳೆಂದು ಹೇಳು.

ನಿನ್ನ ಅಜ್ಜಿ,
ಆರ್ಡಿತ್

ತಾ.ಕ.: ಅಂಚೆ ಗಾಡಿ ಬೀದಿಯ ತುದಿಗೆ ಬಂತು, ಬೇಗ ಬರೆಯುತ್ತೇನೆ. ಅಂದು ಚರ್ಚಿನಿಂದ ನಿನ್ನನ್ನು ಕರೆದೊಯ್ಯಲು ನಿನ್ನ ಮದುವೆ ಗಂಡು ಕೋಲ್ಟನ್ ಬಂದನಲ್ಲ, ಬಾಗಿಲಲ್ಲೇ ನಗುತ್ತಾ ಅಂಗೈ ಚಾಚಿದ. ಬಾಯಿಬಿಟ್ಟು ಏನೂ ಕೇಳಲಿಲ್ಲ. ನೀನು ಯಾರೊಡನೆಯೋ ಮಾತಾಡುತ್ತಲೇ ನಿನ್ನ ಫೋನನ್ನು ಅದರ ಮೇಲಿಟ್ಟೆ. ಅವನು ಅದರಲ್ಲಿರುವುದನ್ನೆಲ್ಲ ನೋಡಿ ತನ್ನ ಜೇಬಿಗಿಳಿಸಿದ. ನಿನ್ನ ತಾತನೂ ಹೀಗೇ ಅಂಗೈ ಚಾಚುತ್ತಿದ್ದರು, ನಗುತ್ತಲೇ. ನಾನು ಕಾರಿನ ಕೀ ಇಡುತ್ತಿದ್ದೆ. ಆ ಅಂಗೈಯನ್ನು ಯಾವ ಕೋರ್ಟಿಗೆ ಹೇಗೆ ತೋರಿಸುತ್ತೀಯೇ? ನಿನ್ನ ಫೋನು ಅವನ ಕೈಯಲ್ಲಿರುತ್ತದೆ, ಅದಕ್ಕೇ ಕರೆ ಮಾಡಲಿಲ್ಲ, ಕಾಗದವನ್ನು ನಿನ್ನ ಠಾಣೆಯ ವಿಳಾಸಕ್ಕೆ ಹಾಕುತ್ತಿದ್ದೇನೆ. ಅವನೇ ಬೇಡ ಅನ್ನುವ ಧೈರ್ಯ ನನಗಿಲ್ಲ, ಎಲ್ಲಿ ನನ್ನ ಜೊತೆ ಮಾತು ಬಿಡುತ್ತೀಯೋ ಅಂತ. ಮಾಮೂಲಿ ಮದುವೆ ಆಗು ತಾಯಿ, ಅಷ್ಟು ಸಾಕು. ಓದಿದವಳೇ ಇದನ್ನು ಹರಿದುಹಾಕು, ಅವನ ಕೈಗೆ ಸಿಗುವುದು ಬೇಡ.